ಲೇಖಕ ಯಾರನ್ನು ಪ್ರೀತಿಸುತ್ತಾನೆ ಎಂಬುದು ಓದುಗನಿಗೆ ಯಾಕೆ ಬೇಕು? ಪುಣೆ ವಿವಿಯ ಪಠ್ಯದಿಂದ 'ಮೋಹನಸ್ವಾಮಿ'ವರೆಗೆ ಒಂದು ನೋಟ

ಪುಣೆ: ಸಾಹಿತ್ಯದ ತರಗತಿಯಲ್ಲಿ ಲೇಖಕರ ಖಾಸಗಿ ಬದುಕಿಗೇನು ಕೆಲಸ? ಕಥೆ ಚೆನ್ನಾಗಿದ್ದರೆ ಸಾಲದೇ? ಬರೆದವರು ಯಾರನ್ನು ಪ್ರೀತಿಸುತ್ತಾರೆ ಎಂಬುದನ್ನು ಕಟ್ಟಿಕೊಂಡು ಓದುಗರಿಗೆ ಆಗಬೇಕಾದ್ದೇನು?

ಹೆಚ್ಚೂಕಡಿಮೆ ಇದೇ ಪ್ರಶ್ನೆಯ ಸುತ್ತ ಪುಣೆ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಹಗ್ಗಜಗ್ಗಾಟ ನಡೆದಿತ್ತು. ಅಲ್ಲಿನ ಇಂಗ್ಲಿಷ್ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದ ಕವಿ, ಕಾದಂಬರಿಕಾರ ಆರ್. ರಾಜ್ ರಾವ್ ಅವರು ಎಲ್‌ಜಿಬಿಟಿ ಸಾಹಿತ್ಯದ ಪಠ್ಯವೊಂದನ್ನು ಆರಂಭಿಸಲು ಹೊರಟಿದ್ದರು. ತಾವು ಸಲಿಂಗಿ ಎಂಬುದನ್ನು ರಾವ್ ಎಂದೂ ಮುಚ್ಚಿಟ್ಟವರಲ್ಲ. ಆದರೆ ಅಧ್ಯಯನ ಮಂಡಳಿ ಒಪ್ಪಲಿಲ್ಲ. ಭಾರತದ ವಿದ್ಯಾರ್ಥಿಗಳಿಗೆ ಇಂಥ ಪಠ್ಯ ಬೇಕಿಲ್ಲ ಎಂಬ ಉತ್ತರ ವರ್ಷಗಳ ಕಾಲ ಸಿಗುತ್ತಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಕೊನೆಗೆ 2007ರಲ್ಲಿ ಪಠ್ಯ ಶುರುವಾಯಿತು. ಅದೂ ಹೇಗೆ? ದಲಿತ ಸಾಹಿತ್ಯದ ಜತೆ ಸೇರಿಸಿ, 'ಪರ್ಯಾಯ ಸಾಹಿತ್ಯ' ಎಂಬ ಹೆಸರಿನಡಿ.

ಅದು ಆಡಳಿತದ ಬಾಗಿಲು ದಾಟಲು ಹುಡುಕಿಕೊಂಡ ಉಪಾಯ. ಆದರೆ ಮೇಲಿನ ಪ್ರಶ್ನೆಗೆ ಉತ್ತರದ ಅರ್ಧ ಭಾಗ ಈ ಉಪಾಯದಲ್ಲೇ ಸಿಗುತ್ತದೆ. ಉಳಿದರ್ಧಕ್ಕೆ ನಾವು ಬಳ್ಳಾರಿ, ಬರೋಡಾ, ಲಂಡನ್ ಸುತ್ತಿ ಮತ್ತೆ ಪುಣೆಗೇ ಬರಬೇಕು.

ದಲಿತ ಸಾಹಿತ್ಯಕ್ಕೆ ಕೇಳದ ಪ್ರಶ್ನೆ

ಮರಾಠಿ ಕವಿ ನಾಮದೇವ ಢಸಾಳ್ ಅವರ ಮೊದಲ ಕವನ ಸಂಕಲನ 'ಗೋಲಪಿಠಾ' 1972ರಲ್ಲಿ ಬಂತು. ಮುಂಬೈನ ಕೆಂಪು ದೀಪದ ಪ್ರದೇಶದ ಬದುಕು ಅದರ ಜೀವಾಳ. ಅದಕ್ಕೆ ಮುನ್ನುಡಿ ಬರೆದವರು ನಾಟಕಕಾರ ವಿಜಯ ತೆಂಡೂಲ್ಕರ್. ಬರೆಯುವ ಮುನ್ನ ತೆಂಡೂಲ್ಕರ್ ಅವರಿಗೆ ಒಂದು ಸಮಸ್ಯೆ ಎದುರಾಯಿತು: ಕವಿತೆಗಳಲ್ಲಿದ್ದ ಎಷ್ಟೋ ಪದಗಳು ಅವರಿಗೆ ಅರ್ಥವಾಗಲಿಲ್ಲ. ಮರಾಠಿಯ ಅತಿ ದೊಡ್ಡ ನಾಟಕಕಾರರಲ್ಲಿ ಒಬ್ಬರಿಗೆ ಮರಾಠಿ ಕವಿತೆಯೇ ಅರ್ಥವಾಗಲಿಲ್ಲ! ಆ ಪ್ರದೇಶವನ್ನು ತೋರಿಸುವಂತೆ ಅವರು ಢಸಾಳ್ ಅವರನ್ನೇ ಕೇಳಿಕೊಂಡರು. ರಾತ್ರಿ ಆ ಗಲ್ಲಿಗಳಲ್ಲಿ ಕವಿಯ ಜತೆ ಅಲೆದರು. ಆಮೇಲೆ ಮುನ್ನುಡಿ ಬರೆದರು.

ಇದನ್ನು ಕೇಳಿ ಯಾರೂ 'ಕವಿ ಎಲ್ಲಿ ಬೆಳೆದ ಎಂಬುದು ಕವಿತೆಗೆ ಸಂಬಂಧವಿಲ್ಲ' ಎನ್ನುವುದಿಲ್ಲ. ನಾವು ಕನ್ನಡದವರಂತೂ ಖಂಡಿತ ಎನ್ನುವುದಿಲ್ಲ. ಸಿದ್ದಲಿಂಗಯ್ಯ ಅವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದಾಗ ಅದನ್ನು ಬರೆದವರು ಯಾರು, ಎಲ್ಲಿಂದ ಬಂದವರು ಎಂಬುದು ಓದಿನ ಭಾಗವೇ ಆಗಿತ್ತು. ದೇವನೂರ ಮಹಾದೇವ ಅವರ 'ಕುಸುಮಬಾಲೆ'ಯ ಭಾಷೆ ಎಲ್ಲಿಂದ ಬಂತು ಎಂದು ವಿವರಿಸುವಾಗ ನಂಜನಗೂಡು ಸೀಮೆಯನ್ನೂ ಅಲ್ಲಿನ ಕೇರಿಯನ್ನೂ ಬಿಟ್ಟು ಮಾತನಾಡುವ ಮೇಷ್ಟ್ರು ಯಾರಿದ್ದಾರೆ? ಹೆಣ್ಣುಮಕ್ಕಳ ಬರಹಕ್ಕೂ ಇದೇ ಮಾತು. ಅಡುಗೆಮನೆಯ ಒಳಗಿಂದ ಬರೆದದ್ದಕ್ಕೂ ಹೊರಗಿಂದ ಕಲ್ಪಿಸಿ ಬರೆದದ್ದಕ್ಕೂ ವ್ಯತ್ಯಾಸವಿದೆ ಎಂದು ಒಪ್ಪಿಕೊಂಡು ಎಷ್ಟೋ ದಶಕಗಳಾದವು.

ಆದರೆ ಲೈಂಗಿಕ ಒಲವಿನ ಮಾತು ಬಂದ ತಕ್ಷಣ ಇದೇ ಓದುಗರು ಇದ್ದಕ್ಕಿದ್ದಂತೆ ಶುದ್ಧ ಸಾಹಿತ್ಯವಾದಿಗಳಾಗುತ್ತಾರೆ. 'ಅದು ಅವರ ವೈಯಕ್ತಿಕ ವಿಚಾರ, ಕೃತಿ ನೋಡೋಣ' ಎನ್ನುತ್ತಾರೆ. ಕೇಳಲು ಇದು ದೊಡ್ಡ ಮನಸ್ಸಿನ ಮಾತು. ಕೆಲವೊಮ್ಮೆ ನಿಜಕ್ಕೂ ಹಾಗೇ ಇರುತ್ತದೆ. ಹಲವು ಸಲ ಮಾತ್ರ ಮುಜುಗರ ತಪ್ಪಿಸಿಕೊಳ್ಳುವ ದಾರಿ.

ಪಾಶ್ಚಾತ್ಯ ವಿಮರ್ಶೆಯಲ್ಲೂ ಇದಕ್ಕೆ ಹಿನ್ನೆಲೆಯಿದೆ. ಲೇಖಕನ ಉದ್ದೇಶ ಹುಡುಕಿ ಕೃತಿಯ ಅರ್ಥ ಹೇಳುವುದು ತಪ್ಪು ಎಂದು ಅಮೆರಿಕದ ವಿಮ್ಸಾಟ್ ಮತ್ತು ಬಿಯರ್ಡ್‌ಸ್ಲಿ 1946ರಲ್ಲಿ ವಾದಿಸಿದರು. ಫ್ರಾನ್ಸ್‌ನ ರೊಲಾಂ ಬಾರ್ತ್ 1967ರಲ್ಲಿ 'ಲೇಖಕನ ಸಾವು' ಘೋಷಿಸಿದರು. ಪಿಜಿ ತರಗತಿಯಲ್ಲಿ ಇದನ್ನು ಓದಿ ಪರೀಕ್ಷೆ ಬರೆದವರಲ್ಲಿ ಈ ವರದಿಗಾರ್ತಿಯೂ ಒಬ್ಬಳು. ವಾದ ಸರಿಯಾಗಿಯೇ ಇದೆ. ಒಂದೇ ತೊಡಕು: ಸಾಯಬೇಕಾದರೆ ಲೇಖಕ ಮೊದಲು ಹುಟ್ಟಿರಬೇಕು. ತನ್ನ ಹೆಸರಿನಲ್ಲಿ ಬರೆಯುವ ಧೈರ್ಯವೇ ಸಿಗದವರ ಮಟ್ಟಿಗೆ ಈ ಸಿದ್ಧಾಂತ ಸ್ವಲ್ಪ ಬೇಗ ಬಂತು.

ಬೇರೆ ಹೆಸರಲ್ಲಿ ಬಂದ ಕನ್ನಡದ ಕಥೆ

ಕನ್ನಡದಲ್ಲಿ ಇದಕ್ಕೆ ನೇರ ಉದಾಹರಣೆ ವಸುಧೇಂದ್ರ. ಬಳ್ಳಾರಿ ಜಿಲ್ಲೆಯ ಸಂಡೂರಿನವರು, ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದವರು, 'ಛಂದ ಪುಸ್ತಕ' ಪ್ರಕಾಶನ ಕಟ್ಟಿದವರು. 'ನಮ್ಮಮ್ಮ ಅಂದ್ರೆ ನಂಗಿಷ್ಟ' ಪ್ರಬಂಧಗಳ ಮೂಲಕ ಮನೆಮನೆಗೆ ತಲುಪಿದ್ದ ಲೇಖಕ. 2013ರಲ್ಲಿ ಅವರ ಕಥಾಸಂಕಲನ 'ಮೋಹನಸ್ವಾಮಿ' ಬಂತು. ಗಂಡಸನ್ನು ಪ್ರೀತಿಸುವ ಗಂಡಸೊಬ್ಬನ ಬದುಕನ್ನು ಕನ್ನಡದಲ್ಲಿ ಇಷ್ಟು ನೇರವಾಗಿ, ಇಷ್ಟು ಒಳಗಿನಿಂದ ಹೇಳಿದ ಪುಸ್ತಕ ಅದಕ್ಕೂ ಮೊದಲು ಇರಲಿಲ್ಲ. ಅದರೊಂದಿಗೇ ಲೇಖಕರು ತಮ್ಮ ಬಗ್ಗೆಯೂ ಮುಕ್ತವಾಗಿ ಮಾತನಾಡತೊಡಗಿದರು.

ಹೆಚ್ಚು ಜನರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಈ ಸರಣಿಯ ಕಥೆ ಮೊದಲು ಓದುಗರ ಮುಂದೆ ಬಂದದ್ದು ವಿವೇಕ ಶಾನಭಾಗ ಸಂಪಾದಿಸುತ್ತಿದ್ದ 'ದೇಶ ಕಾಲ' ಪತ್ರಿಕೆಯಲ್ಲಿ, ವಸುಧೇಂದ್ರ ಎಂಬ ಹೆಸರಿನಲ್ಲಲ್ಲ, ಗುಪ್ತನಾಮದಲ್ಲಿ. ಆಗಲೇ ಹೆಸರು ಮಾಡಿದ್ದ, ಪುಸ್ತಕಗಳು ಚೆನ್ನಾಗಿ ಮಾರಾಟವಾಗುತ್ತಿದ್ದ ಲೇಖಕನಿಗೆ ತನ್ನ ಹೆಸರನ್ನೇ ಬಿಟ್ಟು ಬರೆಯಬೇಕಾಗಿ ಬಂತು.

ಈಗ ನಮ್ಮ ಪ್ರಶ್ನೆಯನ್ನು ಇಲ್ಲಿಟ್ಟು ನೋಡಿ. ಕಥೆಯ ಅಕ್ಷರಗಳು ಅವೇ. ಗುಪ್ತನಾಮದಲ್ಲಿ ಓದಿದವರಿಗೂ ಮೋಹನಸ್ವಾಮಿಯ ಸಂಕಟ ತಟ್ಟಿರುತ್ತದೆ. ಅಂದರೆ ಕಥೆಗೆ ಲೇಖಕನ ಗುರುತಿನ ಊರುಗೋಲು ಬೇಕಿರಲಿಲ್ಲ. ಹಾಗಿದ್ದೂ ಪುಸ್ತಕ ಸ್ವಂತ ಹೆಸರಿನಲ್ಲಿ ಬಂದಾಗ ಒಂದು ಬದಲಾವಣೆ ಆಯಿತು. ಸಣ್ಣ ಊರುಗಳಿಂದ ಓದುಗರು ಕರೆ ಮಾಡತೊಡಗಿದರು, ತಮ್ಮ ಕಥೆ ಹೇಳಿಕೊಳ್ಳತೊಡಗಿದರು ಎಂದು ವಸುಧೇಂದ್ರ ಸಂದರ್ಶನಗಳಲ್ಲಿ ಹೇಳಿದ್ದಾರೆ. ಗುಪ್ತನಾಮಕ್ಕೆ ಯಾರೂ ಫೋನ್ ಮಾಡಲಾರರು. 'ಇದು ಕಲ್ಪನೆಯಲ್ಲ, ಇದನ್ನು ಬದುಕಿದ ಒಬ್ಬ ಮನುಷ್ಯ ಕನ್ನಡದಲ್ಲೇ ಇದ್ದಾನೆ' ಎಂಬ ಭರವಸೆ ಹಲವು ಓದುಗರಿಗೆ ಕಥೆಯಷ್ಟೇ ಮುಖ್ಯವಾಗಿತ್ತು.

ಆ ವರ್ಷವನ್ನೂ ನೆನಪಿಡಬೇಕು. ಸಲಿಂಗ ಸಂಬಂಧ ಅಪರಾಧವಲ್ಲ ಎಂದು 2009ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ಹೇಳಿತ್ತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ದಂಡ ಸಂಹಿತೆಯ 377ನೇ ಸೆಕ್ಷನ್ ಮತ್ತೆ ಜೀವ ಪಡೆಯಿತು. 'ಮೋಹನಸ್ವಾಮಿ' ಬಂದದ್ದೂ ಇದೇ ವರ್ಷ. ಆ ಪುಸ್ತಕದ ಮುಖಪುಟದ ಮೇಲೆ ಸ್ವಂತ ಹೆಸರು ಹಾಕುವುದರ ಬೆಲೆ ಏನು ಎಂಬುದು ಈ ಹಿನ್ನೆಲೆ ತಿಳಿಯದೆ ಓದಿದವರಿಗೆ ಕಾಣುವುದಿಲ್ಲ.

ಇನ್ನೊಂದು ಮುಖ. ವಸುಧೇಂದ್ರ 2019ರಲ್ಲಿ 'ತೇಜೋ ತುಂಗಭದ್ರಾ' ಕಾದಂಬರಿ ಕೊಟ್ಟರು. ಲಿಸ್ಬನ್‌ನ ನದಿಯಿಂದ ವಿಜಯನಗರದ ನದಿಯವರೆಗೆ ಹರಡಿದ, ಧರ್ಮ, ಸಾಮ್ರಾಜ್ಯ, ವ್ಯಾಪಾರ, ಹಿಂಸೆಗಳ ದೊಡ್ಡ ಕಥನ. ಇದನ್ನೂ 'ಸಲಿಂಗಿ ಲೇಖಕನ ಕಾದಂಬರಿ' ಎಂಬ ಕನ್ನಡಕ ಹಾಕಿಕೊಂಡೇ ಓದಬೇಕೇ? ಓದಬಹುದು. ಸಿಗುವುದು ಕಡಿಮೆ, ಕಳೆದುಕೊಳ್ಳುವುದು ಹೆಚ್ಚು. ಒಬ್ಬ ಲೇಖಕನ ಒಂದು ಪುಸ್ತಕಕ್ಕೆ ಬೇಕಾದ ಮಾಹಿತಿ ಅವನ ಇನ್ನೊಂದು ಪುಸ್ತಕಕ್ಕೆ ಬೇಡವಾಗಬಹುದು.

ಇಲ್ಲೊಂದು ಡೆಸ್ಕಿನ ಮಾತು ಹೇಳಿಬಿಡುತ್ತೇನೆ. ಸುದ್ದಿಮನೆಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಲೇಖಕರೊಬ್ಬರ ಸಾಹಿತ್ಯ ಕಾರ್ಯಕ್ರಮದ ಸುದ್ದಿಗೆ ನಾನು ಶೀರ್ಷಿಕೆ ಕೊಟ್ಟಿದ್ದೆ. ಅವರ ಹೆಸರಿನ ಹಿಂದೆ 'ಸಲಿಂಗಕಾಮಿ ಸಾಹಿತಿ' ಎಂದು ಅಂಟಿಸಿದ್ದೆ. ಕ್ಲಿಕ್ ಬರುತ್ತದೆ ಎಂಬುದೇ ಕಾರಣ, ಸುಳ್ಳು ಹೇಳುವುದಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು ಕಾಪಿ ನೋಡಿ, 'ಪಕ್ಕದ ಸುದ್ದಿಗೆ ಹೆಂಡತಿಯನ್ನು ಪ್ರೀತಿಸುವ ಸಾಹಿತಿ ಅಂತ ಯಾಕೆ ಹಾಕಿಲ್ಲ?' ಎಂದು ಕೇಳಿದರು. ಉತ್ತರ ಇರಲಿಲ್ಲ. ಅಂದು ಅವರು ಮಾತನಾಡಿದ್ದು ಕನ್ನಡದ ಪ್ರವಾಸ ಕಥನಗಳ ಬಗ್ಗೆ!

ಅಂದಹಾಗೆ, ನಮ್ಮ 'ಸಲಿಂಗಕಾಮ' ಎಂಬ ಪದವೂ ಸ್ವಲ್ಪ ಯೋಚಿಸಬೇಕಾದದ್ದೇ. ಗಂಡು ಹೆಣ್ಣಿನ ನಡುವೆ ಇದ್ದರೆ ಪ್ರೀತಿ, ಪ್ರೇಮ, ದಾಂಪತ್ಯ. ಗಂಡು ಗಂಡಿನ ನಡುವೆ, ಹೆಣ್ಣು ಹೆಣ್ಣಿನ ನಡುವೆ ಇದ್ದರೆ ಕಾಮ. ಲೇಖಕನ ಬಗ್ಗೆ ಬರೆಯುವಾಗ ಈ ಪದ ಬಳಸಿದೊಡನೆ ಓದುಗನ ಕಣ್ಣು ಕೃತಿಯಿಂದ ಹಾಸಿಗೆಯ ಕಡೆ ತಿರುಗಿಬಿಡುತ್ತದೆ. 'ಸಲಿಂಗಪ್ರೇಮ', 'ಸಲಿಂಗಿ' ಪದಗಳು ಈಗ ನಿಧಾನವಾಗಿ ಬಳಕೆಗೆ ಬರುತ್ತಿವೆ.

ಹೇಳದೇ ಬಿಟ್ಟದ್ದೂ ಕೃತಿಯ ಭಾಗ

ಪದವಿ ತರಗತಿಯಲ್ಲಿ ಇಂಗ್ಲಿಷ್ ಓದಿದವರಿಗೆ ಇ.ಎಂ. ಫಾರ್ಸ್ಟರ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ' ಗೊತ್ತಿರುತ್ತದೆ. 1924ರ ಕಾದಂಬರಿ. ಡಾ. ಅಜೀಜ್ ಮತ್ತು ಇಂಗ್ಲಿಷ್ ಅಧ್ಯಾಪಕ ಫೀಲ್ಡಿಂಗ್ ನಡುವಿನ ಸ್ನೇಹ ಅದರ ಬೆನ್ನೆಲುಬು. ಆಳುವವರು ಮತ್ತು ಆಳಿಸಿಕೊಳ್ಳುವವರು ಗೆಳೆಯರಾಗಲು ಸಾಧ್ಯವೇ ಎಂಬುದು ಪರೀಕ್ಷೆಗೆ ಬರುವ ಪ್ರಶ್ನೆ. ಪುಸ್ತಕ ಅರ್ಪಣೆಯಾಗಿರುವುದು ಸೈಯದ್ ರಾಸ್ ಮಸೂದ್ ಅವರಿಗೆ. ಸರ್ ಸೈಯದ್ ಅಹಮದ್ ಖಾನ್ ಅವರ ಮೊಮ್ಮಗ. ಫಾರ್ಸ್ಟರ್ ಅವರನ್ನು ಗಾಢವಾಗಿ ಪ್ರೀತಿಸಿದ್ದರು. ಅತ್ತಲಿಂದ ಸಿಕ್ಕಿದ್ದು ಸ್ನೇಹ ಮಾತ್ರ.

ಇದು ತಿಳಿದ ಮೇಲೆ ಕಾದಂಬರಿ ಬೇರೆಯಾಗುತ್ತದೆಯೇ? ವಸಾಹತುಶಾಹಿಯ ಕಥೆ ವಸಾಹತುಶಾಹಿಯ ಕಥೆಯಾಗಿಯೇ ಉಳಿಯುತ್ತದೆ. ಆದರೆ ಆ ಇಬ್ಬರ ಸ್ನೇಹದಲ್ಲಿ ಯಾಕಷ್ಟು ತಹತಹ, ಯಾಕಷ್ಟು ತಪ್ಪು ತಿಳಿವಳಿಕೆ, ಕೊನೆಗೂ ಯಾಕೆ ಜತೆಯಾಗಲು ಆಗುವುದಿಲ್ಲ ಎಂಬುದಕ್ಕೆ ಇನ್ನೊಂದು ಪದರ ಸೇರುತ್ತದೆ.

ಅದಕ್ಕಿಂತ ದೊಡ್ಡದು ಅವರು ಬರೆಯದೇ ಬಿಟ್ಟದ್ದು. 1924ರ ನಂತರ ಫಾರ್ಸ್ಟರ್ ಒಂದೂ ಕಾದಂಬರಿ ಪ್ರಕಟಿಸಲಿಲ್ಲ. ಬದುಕಿದ್ದು 1970ರವರೆಗೆ. ಇಬ್ಬರು ಗಂಡಸರ ಪ್ರೇಮದ ಕಥೆ 'ಮಾರಿಸ್' ಅನ್ನು 1914ರಲ್ಲೇ ಬರೆದು ಮುಗಿಸಿ ಎತ್ತಿಟ್ಟಿದ್ದರು. ಅದು ಅಚ್ಚಾಗಿದ್ದು ಅವರು ತೀರಿಕೊಂಡ ಮೇಲೆ, 1971ರಲ್ಲಿ. ತಾನು ಬರೆಯಲು ಅನುಮತಿ ಇರುವ ವಿಷಯವೊಂದೇ, ಗಂಡು ಹೆಣ್ಣಿನ ಪ್ರೇಮ, ಅದರಿಂದ ದಣಿದಿದ್ದೇನೆ ಎಂಬ ಅರ್ಥದ ಮಾತನ್ನು 1911ರಷ್ಟು ಹಿಂದೆಯೇ ದಿನಚರಿಯಲ್ಲಿ ಬರೆದುಕೊಂಡಿದ್ದರು. ನಲವತ್ತಾರು ವರ್ಷಗಳ ಕಾದಂಬರಿ ಮೌನಕ್ಕೆ ಇದೊಂದೇ ಕಾರಣ ಎನ್ನಲಾಗದು. ಆದರೆ ಇದನ್ನು ಬಿಟ್ಟು ಆ ಮೌನವನ್ನು ವಿವರಿಸಲು ಹೊರಟರೆ ಲೆಕ್ಕ ಕೂಡುವುದಿಲ್ಲ.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಚಿತ್ರಕಾರ ಭೂಪೇನ್ ಖಖ್ಖರ್. 1934ರಲ್ಲಿ ಮುಂಬೈನಲ್ಲಿ ಹುಟ್ಟಿ ಬರೋಡಾದಲ್ಲಿ ನೆಲೆಸಿದವರು, ಓದಿದ್ದು ಚಾರ್ಟರ್ಡ್ ಅಕೌಂಟೆನ್ಸಿ. 1970ರ ದಶಕದಲ್ಲಿ ಕ್ಷೌರಿಕ, ದರ್ಜಿ, ಗಡಿಯಾರ ರಿಪೇರಿಯವ ಇಂಥ ಸಾಮಾನ್ಯರ ಚಿತ್ರಗಳಿಂದ ಹೆಸರಾದರು. 1980ರಲ್ಲಿ ತಾಯಿ ತೀರಿಕೊಂಡರು. 1981ರಲ್ಲಿ ಬಂತು 'ಯು ಕಾಂಟ್ ಪ್ಲೀಸ್ ಆಲ್', ಅಂದರೆ 'ಎಲ್ಲರನ್ನೂ ಮೆಚ್ಚಿಸಲಾಗದು'.

ಚಿತ್ರದಲ್ಲಿರುವುದು ನಮಗೆಲ್ಲ ಗೊತ್ತಿರುವ ಕಥೆ. ಅಪ್ಪ, ಮಗ ಮತ್ತು ಕತ್ತೆ. ಕತ್ತೆಯ ಮೇಲೆ ಯಾರು ಕೂತರೂ ಊರಿನವರು ಒಂದಲ್ಲ ಒಂದು ಮಾತಾಡುತ್ತಾರೆ. ಆ ಊರನ್ನು ಬಾಲ್ಕನಿಯಲ್ಲಿ ನಿಂತು ನೋಡುತ್ತಿರುವವನು ಬೆತ್ತಲೆ ಮನುಷ್ಯ. ಆತ ಸ್ವತಃ ಕಲಾವಿದನೇ ಎಂದು ನೋಡುಗರು ಗುರುತಿಸುತ್ತಾರೆ. ಹಿನ್ನೆಲೆ ಗೊತ್ತಿಲ್ಲದವರಿಗೆ ಇದು ನೀತಿಕಥೆಯ ತಮಾಷೆಯ ಚಿತ್ರ. ತನ್ನ ಒಲವನ್ನು ಕ್ಯಾನ್‌ವಾಸ್ ಮೇಲೆ ಬಹಿರಂಗಪಡಿಸಲು ನಿರ್ಧರಿಸಿದ ನಲವತ್ತೇಳರ ವ್ಯಕ್ತಿ ಊರಿನ ಮುಂದೆ ಬಟ್ಟೆಯಿಲ್ಲದೆ ನಿಂತಿದ್ದಾನೆ ಎಂದು ಗೊತ್ತಾದವರಿಗೆ ಶೀರ್ಷಿಕೆಯೇ ಬೇರೆ ದನಿಯಲ್ಲಿ ಕೇಳಿಸುತ್ತದೆ. 2016ರಲ್ಲಿ ಲಂಡನ್‌ನ ಟೇಟ್ ಮಾಡರ್ನ್‌ನಲ್ಲಿ ನಡೆದ ಅವರ ದೊಡ್ಡ ಪ್ರದರ್ಶನಕ್ಕೂ ಇದೇ ಹೆಸರಿಟ್ಟರು. ಇಲ್ಲಿ ಗುರುತು ಹೊರಗಿನಿಂದ ಅಂಟಿಸಿದ ಚೀಟಿಯಲ್ಲ, ಬಣ್ಣದ ಜತೆಯೇ ಕಲಸಿದ್ದು.

ಹಾಗಾದರೆ ಹೊರಗಿನವರು ಬರೆಯಬಾರದೇ?

ಮತ್ತೆ ಪುಣೆಗೆ ಬರೋಣ. ಅಂದು ಗೋಲಪಿಠಾದ ಗಲ್ಲಿ ಅಲೆದ ತೆಂಡೂಲ್ಕರ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು, 2008ರಲ್ಲಿ ತೀರಿಕೊಂಡದ್ದು ಇದೇ ನಗರದಲ್ಲಿ. 1981ರಲ್ಲಿ, ಖಖ್ಖರ್ ಆ ಚಿತ್ರ ಬರೆದ ವರ್ಷವೇ, ಅವರ 'ಮಿತ್ರಾಚೀ ಗೋಷ್ಟ' ನಾಟಕ ಮರಾಠಿ ರಂಗಕ್ಕೆ ಬಂತು. ಹೆಣ್ಣನ್ನು ಪ್ರೀತಿಸುವ ಕಾಲೇಜು ಹುಡುಗಿ ಸುಮಿತ್ರಾ ಅದರ ನಾಯಕಿ. ಎಲ್ಲರೂ ಕರೆಯುವುದು ಮಿತ್ರಾ ಎಂದು. ಆ ಪಾತ್ರ ಮಾಡಿದವರು ರೋಹಿಣಿ ಹಟ್ಟಂಗಡಿ. ಶೀರ್ಷಿಕೆಯಲ್ಲಿ 'ಗೆಳೆಯನ ಕಥೆ', 'ಮಿತ್ರಾಳ ಕಥೆ' ಎಂಬ ಎರಡೂ ಅರ್ಥ ಹೊಳೆಯುತ್ತದೆ.

ತೆಂಡೂಲ್ಕರ್ ಹೆಣ್ಣಲ್ಲ, ಸಲಿಂಗಿಯೂ ಅಲ್ಲ. ಆದರೂ ಅಂಥದ್ದೊಂದು ಪಾತ್ರವನ್ನು ಆ ಕಾಲದಲ್ಲಿ ರಂಗದ ನಟ್ಟನಡುವೆ ನಿಲ್ಲಿಸಿದರು. ಇದಕ್ಕೆ ಅನುಭವಕ್ಕಿಂತ ಹೆಚ್ಚಾಗಿ ಬೇಕಾದದ್ದು ಕಣ್ಣು ಮತ್ತು ಧೈರ್ಯ. ಆದರೂ ಗಮನಿಸಿ: ಕಥೆಯನ್ನು ನಮಗೆ ಹೇಳುವುದು ಮಿತ್ರಾ ಅಲ್ಲ, ಅವಳನ್ನು ಮೆಚ್ಚುವ ಗೆಳೆಯ ಬಾಪು. ನಾವು ಮಿತ್ರಾಳನ್ನು ಯಾವಾಗಲೂ ಅವನ ಪಕ್ಕದಲ್ಲಿ ನಿಂತು ನೋಡುತ್ತೇವೆ. ತನಗೆಷ್ಟು ಗೊತ್ತು, ಎಲ್ಲಿಂದಾಚೆ ಗೊತ್ತಿಲ್ಲ ಎಂಬುದನ್ನು ನಾಟಕಕಾರ ರಚನೆಯಲ್ಲೇ ಒಪ್ಪಿಕೊಂಡಂತಿದೆ. ಇದನ್ನು ನಾನು ದೋಷ ಎನ್ನುವುದಿಲ್ಲ, ಪ್ರಾಮಾಣಿಕತೆ ಎನ್ನುತ್ತೇನೆ. ನಾಟಕದ ಕೊನೆಯಲ್ಲಿ ಮಿತ್ರಾ ಉಳಿಯುವುದಿಲ್ಲ. ಒಳಗಿನವರು ಬರೆದಿದ್ದರೆ ಅವಳು ಬದುಕುತ್ತಿದ್ದಳೇ? ಹೇಳಲಾಗದು. ಆದರೆ ಕೇಳಬಹುದಾದ ಪ್ರಶ್ನೆ.

ಒಳಗಿನವರಿಗೂ ಮಿತಿ ಇದ್ದೇ ಇರುತ್ತದೆ. ಆರಂಭದಲ್ಲಿ ಹೇಳಿದ ರಾಜ್ ರಾವ್ ಅವರ ಕಾದಂಬರಿ 'ದಿ ಬಾಯ್‌ಫ್ರೆಂಡ್' 2003ರಲ್ಲಿ ಬಂತು. ಮುಂಬೈನ ಮಧ್ಯವಯಸ್ಸಿನ ಪತ್ರಕರ್ತ ಯುದಿ ಮತ್ತು ದಲಿತ ಯುವಕ ಮಿಲಿಂದ್ ನಡುವಿನ ಸಂಬಂಧ ಅದರ ಕಥೆ. ಲೇಖಕ ಸಲಿಂಗಿ ಎಂಬ ತಿಳಿವಳಿಕೆ ಯುದಿಯ ಲೋಕದ ಬಾಗಿಲು ತೆರೆಯುತ್ತದೆ, ರೈಲು ನಿಲ್ದಾಣ, ಬಾರು, ಕದ್ದುಮುಚ್ಚಿ ನಡೆಯುವ ಭೇಟಿ, ಒಂಟಿತನ. ಮಿಲಿಂದ್‌ನ ಲೋಕಕ್ಕೆ ಅದೊಂದೇ ಕೀಲಿ ಸಾಲುವುದಿಲ್ಲ. ಅಲ್ಲಿ ಜಾತಿ ಇದೆ, ಹಣ ಇದೆ, ಇಂಗ್ಲಿಷ್ ಇದೆ. ಇಬ್ಬರೂ ಗಂಡಸರು, ಇಬ್ಬರ ಮೇಲೂ 377ರ ತೂಗುಕತ್ತಿ, ಆದರೆ ಇಬ್ಬರೂ ಸಮಾನರಲ್ಲ. ಕಾದಂಬರಿಯೂ ಇದನ್ನು ಬಲ್ಲದು. ಪಠ್ಯದಲ್ಲಿ ದಲಿತ ಸಾಹಿತ್ಯ ಮತ್ತು ಎಲ್‌ಜಿಬಿಟಿ ಸಾಹಿತ್ಯ ಅಕ್ಕಪಕ್ಕ ಕೂತದ್ದು ಅಡ್ಡದಾರಿಯಿಂದಲೇ ಇರಬಹುದು, ಆದರೆ ಈ ಕಾದಂಬರಿಯನ್ನು ಓದಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಪುಣೆ ಮೂಲದ ಸಚಿನ್ ಕುಂದಲ್ಕರ್ 2006ರಲ್ಲಿ ಮರಾಠಿಯಲ್ಲಿ ಬರೆದ 'ಕೋಬಾಲ್ಟ್ ಬ್ಲೂ' ಕೂಡ ಇಲ್ಲಿ ನೆನಪಾಗುತ್ತದೆ. ಮನೆಗೆ ಬಾಡಿಗೆಗೆ ಬಂದ ಯುವಕನನ್ನು ಅಣ್ಣ ತನಯ್, ತಂಗಿ ಅನುಜಾ ಇಬ್ಬರೂ ಪ್ರೀತಿಸುತ್ತಾರೆ. ಮೊದಲ ಭಾಗ ಅವನದು, ಎರಡನೆಯದು ಅವಳದು. ಜೆರ್ರಿ ಪಿಂಟೊ ಇದನ್ನು ಇಂಗ್ಲಿಷಿಗೆ ತಂದಿದ್ದಾರೆ. ಲೇಖಕನ ಖಾಸಗಿ ಬದುಕೊಂದನ್ನೇ ಹುಡುಕುತ್ತ ಹೊರಟವರಿಗೆ ಅನುಜಾಳ ಅರ್ಧ ಪುಸ್ತಕ ಓದದೇ ಉಳಿದುಬಿಡುತ್ತದೆ.

ಬಾಲಗಂಧರ್ವರ ಬಗ್ಗೆ ಕೇಳುವ ತಪ್ಪು ಪ್ರಶ್ನೆ

ಪುಣೆಯ ಜಂಗಲಿ ಮಹಾರಾಜ್ ರಸ್ತೆಯಲ್ಲಿ ಓಡಾಡಿದವರಿಗೆ ಬಾಲಗಂಧರ್ವ ರಂಗಮಂದಿರ ಗೊತ್ತು. ನಾರಾಯಣರಾವ್ ರಾಜಹಂಸ, ಅಂದರೆ ಬಾಲಗಂಧರ್ವರು, ಹುಟ್ಟಿದ್ದು 1888ರಲ್ಲಿ, ತೀರಿಕೊಂಡದ್ದು 1967ರಲ್ಲಿ. ಸಂಗೀತ ನಾಟಕಗಳಲ್ಲಿ ಹೆಣ್ಣು ಪಾತ್ರ ಮಾಡಿ ಮಹಾರಾಷ್ಟ್ರವನ್ನು ಮರುಳು ಮಾಡಿದವರು. ಅವರು ಸೀರೆ ಉಟ್ಟ ರೀತಿ, ಆಭರಣ ತೊಟ್ಟ ರೀತಿಯನ್ನು ಆ ಕಾಲದ ಹೆಂಗಸರು ಅನುಕರಿಸುತ್ತಿದ್ದರು. ನಮ್ಮ ಕಡೆಯ ನಂಟೂ ಉಂಟು. ಅವರು ಬೆಳೆದ ನಾಟಕ ಕಂಪನಿಯ ಮೂಲ ಪುರುಷ ಅಣ್ಣಾಸಾಹೇಬ ಕಿರ್ಲೋಸ್ಕರ್ ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ಮುಂದೆ ಬಾಲಗಂಧರ್ವರ ರಂಗ ಮತ್ತು ಬಾಳಿನ ಸಂಗಾತಿಯಾದ ಗೋಹರ್‌ಬಾಯಿ ಕರ್ನಾಟಕಿ ಬೀಳಗಿ ಕಡೆಯವರು, ಗಾಯಕಿ ಅಮೀರ್‌ಬಾಯಿ ಕರ್ನಾಟಕಿಯ ಸಹೋದರಿ.

ಇಂದಿಗೂ ಬಾಲಗಂಧರ್ವರ ಹೆಸರು ಬಂದರೆ ಕೆಲವರು ದನಿ ತಗ್ಗಿಸಿ ಕೇಳುವ ಪ್ರಶ್ನೆ ಒಂದಿದೆ, ಅವರು 'ಹಾಗೆ' ಇದ್ದರಾ ಅಂತ. ನಮ್ಮ ಯಕ್ಷಗಾನದ ಸ್ತ್ರೀವೇಷಧಾರಿಗಳ ಬಗ್ಗೆಯೂ ಇದೇ ಪಿಸುಮಾತು ಇದ್ದದ್ದೇ. ಈ ಪ್ರಶ್ನೆ ಆ ಕಲೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೆಣ್ಣುಮಕ್ಕಳು ರಂಗವೇರುವುದು ಅವಮಾನವೆಂದು ತಿಳಿದಿದ್ದ ಕಾಲ, ಗಂಡಸಿನ ಕಂಠದಲ್ಲಿ ಹೆಣ್ಣಿನ ವಿರಹ ಕಟ್ಟುವ ಸಂಗೀತದ ತಾಲೀಮು, ಗಂಡು ಕಲ್ಪಿಸಿದ ಆದರ್ಶ ಹೆಣ್ಣನ್ನು ನಿಜದ ಹೆಣ್ಣು ಅನುಕರಿಸಿದ ವಿಚಿತ್ರ, ಬಾಲಗಂಧರ್ವರನ್ನು ತಿಳಿಯಲು ಬೇಕಾದ್ದು ಇವು. ಹೆಣ್ಣು ಪಾತ್ರ ಮಾಡುವುದು ಕಸುಬು. ಯಾರನ್ನು ಪ್ರೀತಿಸುತ್ತಾರೆ ಎಂಬುದು ಒಲವು. ತಾನು ಗಂಡೋ ಹೆಣ್ಣೋ ಎಂಬ ಒಳಗಿನ ಅರಿವು ಇವೆರಡಕ್ಕಿಂತ ಬೇರೆ. ಮೂರನ್ನೂ ಒಂದೇ ಚೀಲಕ್ಕೆ ಹಾಕುವುದರಿಂದಲೇ ಅರ್ಧ ಗೊಂದಲ.

ಆ ಮೂರನೆಯದಕ್ಕೆ ಉದಾಹರಣೆ ಪದ್ಮಶ್ರೀ ಮಂಜಮ್ಮ ಜೋಗತಿ. ಬಳ್ಳಾರಿ ಜಿಲ್ಲೆಯಲ್ಲಿ ಗಂಡಾಗಿ ಹುಟ್ಟಿ, ಹೆಣ್ಣೆಂದು ತನ್ನನ್ನು ಅರಿತು, ಜೋಗತಿಯಾದವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಪಡೆಯುವ ಮುನ್ನ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದ ದೃಶ್ಯ ನೀವೂ ನೋಡಿರುತ್ತೀರಿ. ಎಲ್ಲಮ್ಮನ ಹಾಡು, ಜೋಗತಿ ಕುಣಿತ ಅವರ ಕಲೆ. ಇಲ್ಲಿ 'ಗುರುತು ಬಿಟ್ಟು ಕಲೆ ನೋಡೋಣ' ಎಂಬ ಮಾತಿಗೆ ಅರ್ಥವೇ ಇಲ್ಲ. ಮನೆಯಿಂದ ದೂರವಾದದ್ದು, ಜೋಗತಿಯಾಗಿ ದೀಕ್ಷೆ ಪಡೆದದ್ದು, ತಲೆಯ ಮೇಲೆ ಕೊಡ ಹೊತ್ತು ಕುಣಿಯಲು ಕಲಿತದ್ದು ಎಲ್ಲ ಒಂದೇ ಎಳೆಯ ದಾರ.

ಓದುವುದು ಬೇರೆ, ಪತ್ತೇದಾರಿಕೆ ಬೇರೆ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ ಬೇಕೇ ಬೇಕು. ಕೃತಿಯಿಂದ ಲೇಖಕನ ಒಲವನ್ನು ಹೆಕ್ಕಿ ತೆಗೆಯುವ ಆಟ ಅಪಾಯಕಾರಿ. 1895ರಲ್ಲಿ ಲಂಡನ್‌ನಲ್ಲಿ ಆಸ್ಕರ್ ವೈಲ್ಡ್ ಹೂಡಿದ್ದ ಮಾನನಷ್ಟ ಮೊಕದ್ದಮೆಯಲ್ಲಿ ಎದುರಾಳಿ ವಕೀಲ ಎಡ್ವರ್ಡ್ ಕಾರ್ಸನ್ ವೈಲ್ಡ್ ಅವರದೇ 'ದಿ ಪಿಕ್ಚರ್ ಆಫ್ ಡೋರಿಯನ್ ಗ್ರೇ' ಕಾದಂಬರಿಯ ಭಾಗಗಳನ್ನು ಓದಿ ಅವರನ್ನು ಪ್ರಶ್ನಿಸಿದರು. ಸಾಹಿತ್ಯ ಅಲ್ಲಿ ಸಾಕ್ಷ್ಯವಾಯಿತು. ಆ ಪ್ರಕರಣ ತಿರುಗುಬಾಣವಾಗಿ ವೈಲ್ಡ್ ಮೇಲೆಯೇ ಮೊಕದ್ದಮೆ ನಡೆದು, ಎರಡು ವರ್ಷ ಕಠಿಣ ಶಿಕ್ಷೆಯಾಯಿತು. ಆ ವಕೀಲನಷ್ಟು ಗಮನವಿಟ್ಟು ಕಾದಂಬರಿ ಓದಿದ ವಿಮರ್ಶಕರು ಆ ಕಾಲದಲ್ಲಿ ಕಡಿಮೆಯೇ ಇದ್ದಿರಬೇಕು!

ಹಾಗಾದರೆ ಗೆರೆ ಎಲ್ಲಿ? ನಮ್ಮ ಕಾನೂನು ಒಂದು ಸುಳಿವು ಕೊಡುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಲೈಂಗಿಕ ಒಲವು ಖಾಸಗಿತನದ ಭಾಗ ಎಂಬ ಮಾತೂ ಅದರಲ್ಲಿದೆ. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಲೇಖಕ ತಾನಾಗಿ ಹೇಳಿದ್ದನ್ನು, ಕೃತಿಯಲ್ಲಿ ಇಟ್ಟದ್ದನ್ನು ಓದುಗ ಬಳಸಬಹುದು, ಬಳಸಬೇಕು ಕೂಡ. ಹೇಳದ್ದನ್ನು ಬಗೆಯುವ ಹಕ್ಕು ಓದುಗನಿಗೂ ಇಲ್ಲ, ಸುದ್ದಿಮನೆಗೂ ಇಲ್ಲ. ಸತ್ತವರ ಪತ್ರ, ದಿನಚರಿಗಳ ವಿಷಯ ಇನ್ನೂ ಕಷ್ಟದ್ದು. 'ಮಾರಿಸ್' ಹಸ್ತಪ್ರತಿಯನ್ನು ಫಾರ್ಸ್ಟರ್ ಸುಡದೆ ಉಳಿಸಿಹೋದರು, ಹಾಗಾಗಿ ಅದನ್ನು ಓದುವಾಗ ನಮಗೆ ಅಷ್ಟು ಅಳುಕಿಲ್ಲ. ಎಲ್ಲರ ಪೆಟ್ಟಿಗೆಯೂ ಹೀಗೆ ಒಪ್ಪಿಗೆ ಕೊಟ್ಟು ತೆರೆದಿರುವುದಿಲ್ಲ.

ತಾನಾಗಿ ಹೇಳಿದವರ ಪಾಡೂ ಸುಲಭದ್ದೇನಲ್ಲ. ಆ ತೀರ್ಪಿನ ಮರುವರ್ಷ, 2018ರ ಸೆಪ್ಟೆಂಬರ್ 6ರಂದು, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಸುಪ್ರೀಂ ಕೋರ್ಟ್ 377ರ ಹಿಡಿತದಿಂದ ಬಿಡಿಸಿತು. ಪ್ರಕರಣದ ಹೆಸರು 'ನವತೇಜ್ ಸಿಂಗ್ ಜೋಹರ್ ಮತ್ತು ಭಾರತ ಸರ್ಕಾರ'. ಕಾನೂನು ಓದುವ ವಿದ್ಯಾರ್ಥಿಗಳಿಗೆ ಬಾಯಿಪಾಠವಾಗಿರುವ ಈ ಜೋಹರ್ ಒಬ್ಬ ಭರತನಾಟ್ಯ ಕಲಾವಿದ. ಚೆನ್ನೈನ ಕಲಾಕ್ಷೇತ್ರದಲ್ಲಿ ಕಲಿತವರು, ನೃತ್ಯ ಸಂಯೋಜನೆಗೆ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಪಡೆದವರು, ದಶಕಗಳಿಂದ ಕುಣಿಯುತ್ತ, ಕಲಿಸುತ್ತ ಬಂದವರು. ಈ ಲೇಖನ ಬರೆಯುವಾಗ ಅವರ ಹೆಸರನ್ನು ಗೂಗಲ್‌ಗೆ ಹಾಕಿದೆ. ಮೊದಲು ತೀರ್ಪು ಬಂತು, ಅದರ ಕೆಳಗೆ ತೀರ್ಪಿನ ವಿಶ್ಲೇಷಣೆ, ಅದರ ಕೆಳಗೆ ತೀರ್ಪಿನ ವಾರ್ಷಿಕೋತ್ಸವದ ಸುದ್ದಿ. ಅವರ ನೃತ್ಯದ ಒಂದು ವಿಡಿಯೋ ಸಿಗಲು ಇನ್ನೂ ಸಾಕಷ್ಟು ಕೆಳಗೆ ಸ್ಕ್ರಾಲ್ ಮಾಡಬೇಕಾಯಿತು.